ಗ್ರೀನ್ ಕಾರ್ಡಿನ ಬೆನ್ನ ಮೇಲಿದ್ದ ಲೇಸರ್ ಪಟ್ಟಿ: ಒಂದು ಪ್ರಕರಣ ಅಧ್ಯಯನ

ಅಮೆರಿಕದಲ್ಲಿ ನೆಲೆಸಿರುವ ನಿಮ್ಮ ಅಣ್ಣನದೋ ಗೆಳತಿಯದೋ ಹಳೆಯ ಗ್ರೀನ್ ಕಾರ್ಡ್ ಕೈಗೆ ಸಿಕ್ಕರೆ ತಿರುಗಿಸಿ ನೋಡಿ. 1998ರಿಂದ 2017ರ ನಡುವೆ ಕೊಟ್ಟ ಕಾರ್ಡಾದರೆ ಬೆನ್ನಿಗೆ ಹೊಳೆಯುವ ಅಗಲವಾದ ಪಟ್ಟಿಯೊಂದಿರುತ್ತದೆ. ಬ್ಯಾಂಕ್ ಕಾರ್ಡಿನ ಕಪ್ಪು ಅಯಸ್ಕಾಂತ ಪಟ್ಟಿಗಿಂತ ಇದು ತೀರಾ ಬೇರೆ. ಬೆಳಕಿಗೆ ಓರೆಯಾಗಿ ಹಿಡಿದರೆ ಆ ಹೊಳಪಿನೊಳಗೆ ಕಾರ್ಡುದಾರರ ಮುಖ ಸಣ್ಣದಾಗಿ ಮೂಡುತ್ತದೆ. ಆ ಚಿತ್ರಕ್ಕೆ ಶಾಯಿ ಬಳಸಿಲ್ಲ, ಲೇಸರ್ ಕಿರಣದಿಂದ ಪಟ್ಟಿಯ ಒಳಪದರದಲ್ಲೇ ಸುಟ್ಟು ಬರೆದಿದ್ದಾರೆ. ಅದೇ ಪಟ್ಟಿಯಲ್ಲಿ, ಬರಿಗಣ್ಣಿಗೆ ಕಾಣದ ಚುಕ್ಕೆಗಳ ಸಾಲುಗಳಲ್ಲಿ, ಅವರ ಫೋಟೊ, ಬೆರಳಚ್ಚು ಮತ್ತು ವೈಯಕ್ತಿಕ ವಿವರಗಳು ಡಿಜಿಟಲ್ ರೂಪದಲ್ಲಿ ಕೂತಿವೆ.

ಇದು ಆಪ್ಟಿಕಲ್ ಕಾರ್ಡ್ ತಂತ್ರಜ್ಞಾನ. ನಕಲು ಮಾಡಲು ತೀರಾ ಕಷ್ಟದ ಗುರುತಿನ ಚೀಟಿಗಳಲ್ಲಿ ಒಂದು ಎಂದು ಇದಕ್ಕೆ ಹೆಸರಿತ್ತು. ಪಟ್ಟಿಯಲ್ಲಿರುವ ಮಾಹಿತಿಯನ್ನು ಯಾರೂ ತಿದ್ದಿಲ್ಲ, ಯಾರೂ ನಕಲು ಮಾಡಿಲ್ಲ ಎಂದು ತಯಾರಿಸುವ ಕಂಪನಿ ಕೊನೆಯವರೆಗೂ ಹೇಳಿಕೊಳ್ಳುತ್ತಿತ್ತು. ಹಾಗಿದ್ದೂ 2017ರ ಮೇ ತಿಂಗಳಿನಿಂದ ಬಂದ ಹೊಸ ಕಾರ್ಡುಗಳಲ್ಲಿ ಪಟ್ಟಿ ಇಲ್ಲ. ಸೋಲದ ತಂತ್ರವನ್ನು ಯಾಕೆ ಕೈಬಿಟ್ಟರು ಎಂಬುದೇ ಈ ಬರಹದ ವಿಷಯ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾರ್ಡು ಮಾಡುವುದಕ್ಕೆ ಕೊಟ್ಟ ಗಮನವನ್ನು ಕಾರ್ಡು ಓದುವುದಕ್ಕೆ ಯಾರೂ ಕೊಡಲಿಲ್ಲ. ಓದುವ ಏರ್ಪಾಡು ಆಗುವಷ್ಟರಲ್ಲಿ ಆ ಕೆಲಸ ಕೇಂದ್ರ ಕಂಪ್ಯೂಟರಿನ ಪಾಲಾಗಿತ್ತು.

ನಕಲಿ ಕಾರ್ಡುಗಳ ಸಂತೆ

ಕಥೆ ಶುರುವಾಗುವುದು 1986ರಲ್ಲಿ. ಆ ವರ್ಷದ ನವೆಂಬರ್‌ನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ವಲಸೆ ಕಾಯ್ದೆ ಎರಡು ಕೆಲಸ ಮಾಡಿತು. ದಾಖಲೆ ಇಲ್ಲದೆ ದೇಶದಲ್ಲಿದ್ದ ಸುಮಾರು 27 ಲಕ್ಷ ಜನರಿಗೆ ಕಾನೂನುಬದ್ಧವಾಗಿ ಉಳಿಯುವ ದಾರಿ ತೆರೆಯಿತು. ಜೊತೆಗೆ, ಕೆಲಸಕ್ಕೆ ಸೇರಿಸಿಕೊಳ್ಳುವ ಪ್ರತಿಯೊಬ್ಬರ ದಾಖಲೆ ನೋಡಿ ಐ-9 ಎಂಬ ಫಾರಂ ತುಂಬುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿತು.

ಹೋಟೆಲಿನವರು, ತೋಟದವರು, ಕಟ್ಟಡದ ಮೇಸ್ತ್ರಿಗಳೆಲ್ಲ ಇದ್ದಕ್ಕಿದ್ದಂತೆ ದಾಖಲೆ ಪರೀಕ್ಷಕರಾದರು. ಅವರಿಂದ ಕಾನೂನು ಕೇಳಿದ್ದು ಇಷ್ಟೇ: ತೋರಿಸಿದ ಕಾಗದ ಮೇಲ್ನೋಟಕ್ಕೆ ಅಸಲಿ ಅನ್ನಿಸಬೇಕು. ಅದಕ್ಕಿಂತ ಹೆಚ್ಚು ಕೆದಕಿ ಕೇಳಿದರೆ ತಾರತಮ್ಯದ ದೂರು ಬರಬಹುದು. ಮೇಲ್ನೋಟಕ್ಕೆ ಅಸಲಿ ಅನ್ನಿಸುವ ಕಾರ್ಡು ಸಾಕು ಎಂದಮೇಲೆ ಅಂಥ ಕಾರ್ಡು ಮಾಡಿ ಮಾರುವವರು ಹುಟ್ಟದೆ ಇರುತ್ತಾರೆಯೇ? ಲಾಸ್ ಏಂಜಲೀಸಿನ ಮ್ಯಾಕ್‌ಆರ್ಥರ್ ಪಾರ್ಕ್ ಸುತ್ತಮುತ್ತಲ ಬೀದಿಗಳು ಈ ದಂಧೆಗೇ ಕುಖ್ಯಾತವಾದವು. ದಾರಿಹೋಕರ ಕಿವಿಯಲ್ಲಿ ‘ಮಿಕಾ, ಮಿಕಾ’ ಎಂದು ಪಿಸುಗುಟ್ಟುವ ದಲ್ಲಾಳಿಗಳಿದ್ದರು. ಅಲ್ಲಿನ ಸ್ಪ್ಯಾನಿಷ್ ಮಾತುಗಾರರ ಬಾಯಲ್ಲಿ ಗ್ರೀನ್ ಕಾರ್ಡಿಗೆ ಅದೇ ಹೆಸರು. ಫೋಟೊ ಅಂಟಿಸಿ ಲ್ಯಾಮಿನೇಟ್ ಮಾಡಿದಂತಿದ್ದ ಅಂದಿನ ಕಾರ್ಡಿನ ನಕಲು ತೆಗೆಯಲು ದೊಡ್ಡ ವಿದ್ಯೆ ಬೇಕಿರಲಿಲ್ಲ.

ಈ ದಂಧೆಯಿಂದ ಹೆಚ್ಚು ನೋವುಂಡವರು ಪ್ರಾಮಾಣಿಕವಾಗಿ ಕಾರ್ಡು ಪಡೆದವರು ಎಂಬುದನ್ನು ಇಲ್ಲಿ ಹೇಳಲೇಬೇಕು. ನಕಲಿ ಹೆಚ್ಚಾದಷ್ಟೂ ಅಸಲಿ ಕಾರ್ಡಿನವರ ಮೇಲೂ ಅನುಮಾನದ ಕಣ್ಣು ಬೀಳುತ್ತದೆ, ಅದರಲ್ಲೂ ಮೈಬಣ್ಣ ಬೇರೆಯಾದವರ ಮೇಲೆ, ಇಂಗ್ಲಿಷ್ ತಡವರಿಸುವವರ ಮೇಲೆ.

1996ರ ಸೆಪ್ಟೆಂಬರ್ 30ರಂದು ಬಿಲ್ ಕ್ಲಿಂಟನ್ ಸಹಿ ಹಾಕಿದ ಇನ್ನೊಂದು ಕಾಯ್ದೆ ಬಂತು. ಅದರ 104ನೇ ಸೆಕ್ಷನ್ ಮೆಕ್ಸಿಕೋ ಗಡಿಯಲ್ಲಿ ದಿನನಿತ್ಯ ಓಡಾಡುವವರ ಕಾರ್ಡಿನ ಬಗ್ಗೆ ಖಚಿತವಾಗಿ ಮಾತಾಡಿತು. 1998ರ ಏಪ್ರಿಲ್‌ನಿಂದ ಕೊಡುವ ಪ್ರತಿ ಗಡಿ ಕಾರ್ಡಿನಲ್ಲೂ ಯಂತ್ರ ಓದಬಲ್ಲ ಬೆರಳಚ್ಚು ಅಥವಾ ಅಂಗೈ ಗುರುತು ಇರಬೇಕು. ಮುಂದೊಂದು ಗಡುವಿನ ನಂತರ ಆ ಗುರುತು ಹೊಂದದೆ ಯಾರನ್ನೂ ಒಳಗೆ ಬಿಡಬಾರದು. ಈ ಎರಡನೆಯ ವಾಕ್ಯವನ್ನು ನೆನಪಿಡಿ. ಪ್ರಕರಣದ ಗಂಟು ಇರುವುದು ಅಲ್ಲೇ.

ಆಗ ವಲಸೆ ಇಲಾಖೆಯಾಗಿದ್ದ ಐಎನ್‌ಎಸ್ ಹೊಸ ಗ್ರೀನ್ ಕಾರ್ಡಿಗೂ ಈ ಗಡಿ ಕಾರ್ಡಿಗೂ ಒಂದೇ ತಂತ್ರವನ್ನು ಆರಿಸಿಕೊಂಡಿತು: ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಪಟ್ಟಣದ ಡ್ರೆಕ್ಸ್‌ಲರ್ ಟೆಕ್ನಾಲಜಿ ಕಂಪನಿಯ ಲೇಸರ್‌ಕಾರ್ಡ್. ಗಡಿಯ ಕಾರ್ಡಿಗಂತೂ ಜನ ‘ಲೇಸರ್ ವೀಸಾ’ ಎಂದೇ ಹೆಸರಿಟ್ಟರು. ಇಂದು ಕನ್ನಡ ಕೂಟದ ಯುಗಾದಿಗೆ ಸಿಲಿಕಾನ್ ವ್ಯಾಲಿಯಲ್ಲಿ ಸೇರುವ ಎಷ್ಟೋ ಮಂದಿಯ ಮೊದಲ ಗ್ರೀನ್ ಕಾರ್ಡಿನ ಪಟ್ಟಿ ಅವರ ಮನೆಯಿಂದ ಅರ್ಧ ಗಂಟೆಯ ದಾರಿಯ ಊರಿನ ಕಂಪನಿಯೊಂದರದು.

ಬೆಳ್ಳಿ, ಜೆಲಟಿನ್ ಮತ್ತು ಲೇಸರ್

ಈ ಕಂಪನಿಯ ಸ್ಥಾಪಕ ಜೆರೋಮ್ ಡ್ರೆಕ್ಸ್‌ಲರ್ ಅಮೆರಿಕದ ಹೆಸರಾಂತ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡಿ ಬಂದವರು. 1968ರಲ್ಲಿ ಅವರು ಕಟ್ಟಿದ ಕಂಪನಿ ಸೆಮಿಕಂಡಕ್ಟರ್ ಕಾರ್ಖಾನೆಗಳಿಗೆ ಬೇಕಾಗುವ ಫೋಟೊಮಾಸ್ಕ್ ಗಾಜಿನ ಹಲಗೆಗಳನ್ನು ಮಾಡುತ್ತಿತ್ತು. ಚಿಪ್ಪಿನ ಮೇಲೆ ಗೆರೆ ಮೂಡಿಸಲು ಬಳಸುವ ಆ ಹಲಗೆಗಳಿಗೆ ಬಳಿಯುತ್ತಿದ್ದುದು ಹಳೆಯ ಫೋಟೊ ಫಿಲಂನಲ್ಲಿರುವಂಥದೇ ಬೆಳ್ಳಿಯ ಲವಣದ ಲೇಪನ, ಆದರೆ ಅತಿ ನುಣುಪಾದದ್ದು. 1980ರ ದಶಕದ ಮೊದಲಲ್ಲಿ ಹೊರಬಂದ ‘ಡ್ರೆಕ್ಸಾನ್’ ಎಂಬ ದಾಖಲೆ ಪದರ ಈ ಅನುಭವದ ಕೂಸು.

ಡ್ರೆಕ್ಸಾನ್ ಪದರದಲ್ಲಿ ಜೆಲಟಿನ್ ಒಳಗೆ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳು ಒತ್ತಾಗಿ ಹರಡಿರುತ್ತವೆ, ಆದ್ದರಿಂದ ಮೇಲ್ಮೈ ಹೊಳೆಯುತ್ತದೆ. ಲೇಸರ್ ಕಿರಣವನ್ನು ಒಂದು ಬಿಂದುವಿನ ಮೇಲೆ ಕ್ಷಣಕಾಲ ಬಿಟ್ಟರೆ ಅಲ್ಲಿನ ಜೆಲಟಿನ್ ಕರಗಿ ಹೊಳಪು ಹೋಗುತ್ತದೆ. ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲು ಅಗಲದ ಚುಕ್ಕೆ ಅದು. ಓದುವಾಗ ಅದೇ ಲೇಸರನ್ನು ಮಂದಗೊಳಿಸಿ ಹಾಯಿಸುತ್ತಾರೆ. ಹೊಳಪಿದ್ದಲ್ಲಿ ಬೆಳಕು ಮರಳುತ್ತದೆ, ಚುಕ್ಕೆ ಇದ್ದಲ್ಲಿ ಮರಳುವುದಿಲ್ಲ. ಸಿಡಿಯ ತತ್ವವೇ, ಆದರೆ ಸಿಡಿ ಸುತ್ತುತ್ತದೆ, ಕಾರ್ಡು ಸುತ್ತಲಾರದು. ಹಾಗಾಗಿ ಇಲ್ಲಿ ಸಾಲುಗಳು ನೇರ. ಯಂತ್ರದೊಳಗೆ ಕಾರ್ಡನ್ನು ಹಿಡಿದ ಪುಟ್ಟ ತಟ್ಟೆ ಹಿಂದಕ್ಕೂ ಮುಂದಕ್ಕೂ ಓಡುತ್ತದೆ, ಲೇಸರ್ ತಲೆ ಒಂದೊಂದೇ ಸಾಲು ದಾಟುತ್ತಾ ಸಾಗುತ್ತದೆ. ಈ ಬಗೆಯ ಬರವಣಿಗೆಗೆ ಐಎಸ್‌ಒ/ಐಇಸಿ 11694 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಬಂತು.

ಜಾಗದ ಲೆಕ್ಕ ನೋಡಿದರೆ ಆ ಕಾಲಕ್ಕೆ ಇದು ಎಂಥ ಹೆಜ್ಜೆ ಎಂದು ತಿಳಿಯುತ್ತದೆ. ಬ್ಯಾಂಕ್ ಕಾರ್ಡಿನ ಅಯಸ್ಕಾಂತ ಪಟ್ಟಿಯ ಮೂರು ಸಾಲುಗಳಲ್ಲಿ ಹಿಡಿಯುವುದು ಒಟ್ಟು 226 ಅಕ್ಷರ ಮತ್ತು ಅಂಕಿ. 1990ರ ದಶಕದ ಚಿಪ್ ಕಾರ್ಡುಗಳಲ್ಲಿ ಕೆಲವೇ ಕಿಲೋಬೈಟ್ ಜಾಗ ಸಿಗುತ್ತಿತ್ತು. ಒಳ್ಳೆಯ ಫೋಟೊ, ಎರಡು ಬೆರಳಚ್ಚು ಸೇರಿಸಿದರೆ ಅದು ತುಂಬಿ ಹೊರಚೆಲ್ಲುತ್ತಿತ್ತು. ಲೇಸರ್‌ಕಾರ್ಡ್‌ನ ಅಗಲ ಪಟ್ಟಿಯಲ್ಲಿ ಕಚ್ಚಾ ಲೆಕ್ಕದಲ್ಲಿ 4.1 ಎಂಬಿ. ಗೀರು, ಕೊಳೆಯಿಂದಾಗುವ ದೋಷ ಸರಿಪಡಿಸಲು ಮೀಸಲಿಟ್ಟದ್ದನ್ನು ಕಳೆದರೂ ಬಳಕೆಗೆ 2.8 ಎಂಬಿ ಉಳಿಯುತ್ತಿತ್ತು. 85.6 ಮಿ.ಮೀ. ಉದ್ದ, 54 ಮಿ.ಮೀ. ಅಗಲದ ಪ್ಲಾಸ್ಟಿಕ್ ತುಂಡಿನಲ್ಲಿ!

ಭದ್ರತೆಯ ದೃಷ್ಟಿಯಿಂದ ನನಗೆ ಬಲು ಹಿಡಿಸುವ ಗುಣ ಬೇರೆಯದು. ಒಮ್ಮೆ ಸುಟ್ಟ ಚುಕ್ಕೆಯನ್ನು ಮತ್ತೆ ಹೊಳಪಾಗಿಸಲು ಆಗುವುದಿಲ್ಲ. ವಿಳಾಸ ಬದಲಾದರೆ ಹಳೆಯದನ್ನು ಅಳಿಸುವಂತಿಲ್ಲ, ಮುಂದಿನ ಖಾಲಿ ಸಾಲಿನಲ್ಲಿ ಹೊಸದನ್ನು ಬರೆಯಬೇಕು. ಶ್ಯಾನುಭೋಗರ ಲೆಕ್ಕದ ಪುಸ್ತಕದಲ್ಲಿ ತಪ್ಪಾದದ್ದನ್ನು ಗೆರೆ ಹೊಡೆದು ಕೆಳಗೆ ಬರೆಯುತ್ತಿದ್ದರಲ್ಲ, ಹಾಗೆ. ಹಿಂದಿನದು ಎಂದೂ ಮಾಯವಾಗುವುದಿಲ್ಲ. ತಿದ್ದಲು ಹೋದವನ ಕೈಚಳಕ ಪಟ್ಟಿಯಲ್ಲೇ ದಾಖಲಾಗುತ್ತದೆ.

ಖಾಲಿ ಪಟ್ಟಿ ಅಂಗಡಿಯಲ್ಲಿ ಸಿಗುವ ಮಾಲೂ ಅಲ್ಲ. ಸಾಲುಗಳ ದಾರಿಗೆರೆಗಳನ್ನೂ ಸೂಕ್ಷ್ಮ ಚಿತ್ರಗಳನ್ನೂ ಫೋಟೊಮಾಸ್ಕ್ ಬಳಸಿ ಕಾರ್ಖಾನೆಯಲ್ಲೇ ಮೂಡಿಸಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಆ ಚಿತ್ರಗಳ ಅಂಚು ಕತ್ತರಿಸಿಟ್ಟಷ್ಟು ಚೊಕ್ಕ. ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ನಕಲನ್ನು ಅದೇ ಗಾಜಿನಡಿ ಇಟ್ಟರೆ ಕಾಣುವುದು ಬಣ್ಣದ ಹನಿಗಳ ಗುಂಪು. ನಕಲಿ ಮಾಡುವವರಿಗೆ ಹೊಳೆಯುವ ಹಾಳೆ ಅಂಟಿಸುವುದಷ್ಟೇ ಸಾಧ್ಯವಿತ್ತು. ದೂರದಿಂದ ನೋಡಿದರೆ ಅದು ಪಟ್ಟಿಯೇ. ಯಂತ್ರಕ್ಕೆ ಹಾಕಿದರೆ ಅದರಲ್ಲಿ ಒಂದಕ್ಷರವೂ ಇಲ್ಲ.

ಯಂತ್ರಕ್ಕೆ ಹಾಕಿದರೆ ತಾನೇ.

ಯಂತ್ರಕ್ಕೆ ಹಾಕಿದವರು ಯಾರು?

1998ರಿಂದ ಕಾರ್ಡುಗಳು ಲಕ್ಷಗಟ್ಟಲೆ ಹೊರಬಿದ್ದವು. ಮೆಕ್ಸಿಕೋದ ಅಮೆರಿಕನ್ ಕಾನ್ಸುಲೇಟುಗಳ ಮುಂದೆ ಜನ ಸಾಲುಗಟ್ಟಿ ನಿಂತು ಬೆರಳಚ್ಚು ಕೊಟ್ಟರು. ಹತ್ತು ವರ್ಷ ಬಾಳಿಕೆಯ ಲೇಸರ್ ವೀಸಾ ಹಿಡಿದು ಗಡಿಯಿಂದ 25 ಮೈಲಿವರೆಗೆ, ಅರಿಜೋನಾದಲ್ಲಾದರೆ 75 ಮೈಲಿವರೆಗೆ, ಹೋಗಿಬರಬಹುದಿತ್ತು. ಅಜ್ಜಿ ಮನೆ, ಆಸ್ಪತ್ರೆ, ಮಾರುಕಟ್ಟೆ ಎಲ್ಲ ಗಡಿಯ ಎರಡೂ ಕಡೆ ಹಂಚಿಹೋಗಿರುವ ಊರುಗಳವು, ಆ ಕಾರ್ಡು ಇಲ್ಲದೆ ಅವರ ಬದುಕು ನಡೆಯುತ್ತಿರಲಿಲ್ಲ.

ಗುರುತು ಹೊಂದದೆ ಯಾರನ್ನೂ ಒಳಗೆ ಬಿಡಬಾರದೆಂಬ ಕಾನೂನಿನ ಎರಡನೆಯ ವಾಕ್ಯಕ್ಕೆ ಮೂಲ ಗಡುವು 1999ರ ಸೆಪ್ಟೆಂಬರ್ ಕೊನೆ. ಸಂಸತ್ತು ಅದನ್ನು 2001ಕ್ಕೆ ಮುಂದೂಡಿತು. ಆ ಗಡುವು ಬಂದದ್ದು ಸೆಪ್ಟೆಂಬರ್ 11ರ ದಾಳಿಯ ಮೂರೇ ವಾರಕ್ಕೆ. ಇಡೀ ದೇಶ ಗಡಿ ಭದ್ರತೆಯ ಮಾತಾಡುತ್ತಿದ್ದಾಗಲೂ ಬೆರಳಚ್ಚನ್ನು ಕಾರ್ಡಿನೊಂದಿಗೆ ಹೋಲಿಸುವ ಯಂತ್ರಗಳು ಗಡಿ ಠಾಣೆಗಳಲ್ಲಿ ಸಿದ್ಧವಿರಲಿಲ್ಲ. 2002ರ ಕಾಯ್ದೆ ಇನ್ನೊಂದು ವರ್ಷ ಕೊಟ್ಟಿತು. ಓದುವ ಯಂತ್ರಗಳು ಠಾಣೆಗಳಲ್ಲಿ ವ್ಯಾಪಕವಾಗಿ ಬಂದು ಕೂತದ್ದು 2004ರಲ್ಲಿ, ಮೊದಲ ಕಾರ್ಡು ಕೊಟ್ಟ ಆರು ವರ್ಷಕ್ಕೆ.

ಬಂದ ಮೇಲಾದರೂ ಏನಾಯಿತು? ಸಾನ್ ಡಿಯೇಗೊ ಮತ್ತು ಟಿಹ್ವಾನಾ ನಡುವಿನ ಸಾನ್ ಇಸಿದ್ರೊ ಠಾಣೆಯನ್ನು ಕಲ್ಪಿಸಿಕೊಳ್ಳಿ. ಭೂಗಡಿಗಳಲ್ಲಿ ಜಗತ್ತಿನ ಅತಿ ಗಿಜಿಗುಡುವ ಠಾಣೆಗಳಲ್ಲಿ ಒಂದು. ಬೆಳಗಿನ ಜಾವದಿಂದಲೇ ಕಾರುಗಳು ಹತ್ತಾರು ಸಾಲಿನಲ್ಲಿ ಕಾಯುತ್ತವೆ. ಗೂಡಿನಲ್ಲಿ ಕೂತ ಅಧಿಕಾರಿಗೆ ಒಂದು ಕಾರಿಗೆ ಸಿಗುವುದು ಹೆಚ್ಚೆಂದರೆ ನಿಮಿಷ. ಕಾರಿನೊಳಗೆ ಐದು ಜನ, ಐದು ಕಾರ್ಡು. ಒಂದೊಂದನ್ನೂ ಯಂತ್ರದ ಬಾಯಿಗೆ ಕೊಟ್ಟು, ತಟ್ಟೆ ಓಡಾಡಿ ಓದುವವರೆಗೆ ಕಾದು, ಹಿಂದಿನ ಸೀಟಿನ ಮಗುವಿನ ಅಮ್ಮನನ್ನು ಕೆಳಗಿಳಿಸಿ, ಬೆರಳನ್ನು ಸ್ಕ್ಯಾನರಿನ ಮೇಲೆ ಒತ್ತಿಸಿ, ಹೊಂದಾಣಿಕೆ ನೋಡುವುದು ಆ ಒಂದು ನಿಮಿಷದಲ್ಲಿ ಆಗುವ ಮಾತೇ? ಹಾಗಾಗಿ ಯಂತ್ರಗಳು ಹೋಗಿ ಸೇರಿದ್ದು ಒಳಗಿನ ಎರಡನೆಯ ತಪಾಸಣೆಯ ಕೋಣೆಗೆ. ಮೊದಲ ಗೂಡಿನ ಅಧಿಕಾರಿಗೆ ಯಾರ ಮೇಲಾದರೂ ಅನುಮಾನ ಬಂದರೆ ಅವರನ್ನು ಅಲ್ಲಿಗೆ ಕಳಿಸುತ್ತಿದ್ದರು. ಉಳಿದವರ ಕಾರ್ಡನ್ನು ನೋಡುತ್ತಿದ್ದದ್ದು ಮತ್ತೆ ಬರಿಗಣ್ಣೇ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2007ರ ವರದಿಯಲ್ಲಿ ಎತ್ತಿ ಹೇಳಿದ ದೌರ್ಬಲ್ಯ ಇದೇ: ದಕ್ಷಿಣದ ಭೂಗಡಿಯ ಮೊದಲ ತಪಾಸಣೆಯಲ್ಲಿ ಗಡಿ ಕಾರ್ಡಿನವರ ಬೆರಳಚ್ಚನ್ನು ವಾಡಿಕೆಯಾಗಿ ಹೋಲಿಸುತ್ತಿಲ್ಲ.

ಅಧಿಕಾರಿಗಳನ್ನು ಇಲ್ಲಿ ದೂರುವುದು ನ್ಯಾಯವಲ್ಲ. ಕೆಲಸದ ವೇಗಕ್ಕೆ ಒಗ್ಗದ ಸಲಕರಣೆಯನ್ನು ಎಂಥ ನಿಷ್ಠಾವಂತ ನೌಕರನೂ ಪಕ್ಕಕ್ಕೆ ಸರಿಸುತ್ತಾನೆ. ತಪ್ಪು ನಡೆದದ್ದು ಮೊದಲೇ, ಕಾರ್ಡಿನ ಗುತ್ತಿಗೆಯನ್ನೂ ಯಂತ್ರದ ಗುತ್ತಿಗೆಯನ್ನೂ ಸಾಲಿನ ವೇಗವನ್ನೂ ಒಟ್ಟಿಗೆ ಕೂರಿಸಿ ಯೋಚಿಸದೆ ಹೋದಾಗ.

ಇನ್ನು ಕೆಲಸದ ಜಾಗಕ್ಕೆ ಬನ್ನಿ. ನಕಲಿ ಕಾರ್ಡಿನ ಸಂತೆ ಹುಟ್ಟಿದ್ದೇ ಅಲ್ಲಿ. ಯಾವ ಹೋಟೆಲ್ ಮಾಲೀಕನ ಗಲ್ಲಾದ ಪಕ್ಕದಲ್ಲೂ ಆಪ್ಟಿಕಲ್ ರೀಡರ್ ಇರಲಿಲ್ಲ, ಇಡಬೇಕೆಂದು ಕಾನೂನು ಹೇಳಲೂ ಇಲ್ಲ. ಸರ್ಕಾರ ಅಲ್ಲಿಗೆ ಬೇರೆ ಮದ್ದು ಹುಡುಕಿತು. 1996ರ ಅದೇ ಕಾಯ್ದೆಯಡಿ ಪ್ರಯೋಗವಾಗಿ ಶುರುವಾದ ವ್ಯವಸ್ಥೆ 2007ರಲ್ಲಿ ‘ಇ-ವೆರಿಫೈ’ ಎಂಬ ಹೆಸರು ಪಡೆಯಿತು. ಮಾಲೀಕ ಕಾರ್ಡಿನ ನಂಬರನ್ನು ಇಂಟರ್ನೆಟ್‌ನಲ್ಲಿ ಹಾಕಿದರೆ ಸರ್ಕಾರದ ಕಡತದಲ್ಲಿರುವ ಫೋಟೊ ಪರದೆಗೆ ಬರುತ್ತದೆ, ಕಾರ್ಡಿನ ಫೋಟೊದೊಂದಿಗೆ ಅದನ್ನು ಹೋಲಿಸಬೇಕು. ಪಟ್ಟಿಯೊಳಗೆ ಸುಟ್ಟು ಬರೆದಿಟ್ಟ ಫೋಟೊ ಮಾಡಬೇಕಿದ್ದ ಕೆಲಸವನ್ನು ದೂರದ ಸರ್ವರ್ ಮಾಡತೊಡಗಿತು.

ಗಟ್ಟಿ ಕಾರ್ಡಿನ ಪಕ್ಕದಲ್ಲಿ ಬೇರೆ ಬಾಗಿಲುಗಳು ತೆರೆದೇ ಇದ್ದವು ಎಂಬುದನ್ನೂ ಮರೆಯಬಾರದು. ಜಿಎಒ ತನಿಖಾಧಿಕಾರಿಗಳು ಸಾಮಾನ್ಯ ಕಂಪ್ಯೂಟರಿನಲ್ಲಿ ಮಾಡಿದ ನಕಲಿ ಡ್ರೈವಿಂಗ್ ಲೈಸೆನ್ಸ್, ಜನನ ಪ್ರಮಾಣಪತ್ರ ಹಿಡಿದು ಕೆನಡಾ, ಮೆಕ್ಸಿಕೋ, ಜಮೈಕಾಗಳಿಂದ ಸುಳ್ಳು ಹೆಸರಿನಲ್ಲಿ ಅಮೆರಿಕದೊಳಗೆ ಬಂದದ್ದನ್ನು 2003ರ ಜನವರಿಯಲ್ಲಿ ಸಂಸತ್ತಿಗೆ ತಿಳಿಸಿದರು. ‘ನಾನು ಅಮೆರಿಕದ ಪ್ರಜೆ’ ಎಂಬ ಬಾಯಿಮಾತೂ ಅಂದು ಭೂಗಡಿಯಲ್ಲಿ ನಡೆಯುತ್ತಿತ್ತು. ಜನನ ಪ್ರಮಾಣಪತ್ರದ ಕಾಗದವೇ ಸಾಕಾಗುವಾಗ ಡ್ರೆಕ್ಸಾನ್ ಪದರ ಭೇದಿಸಲು ಯಾರು ಕೂರುತ್ತಾರೆ?

ಕಾರ್ಡು ಯೋಚಿಸಲಾರದು

ತಂತ್ರದ ಒಳಗೂ ಒಂದು ಮಿತಿಯಿತ್ತು. ಆಪ್ಟಿಕಲ್ ಪಟ್ಟಿ ಬರೀ ನೆನಪು, ಅದರಲ್ಲಿ ಲೆಕ್ಕ ಮಾಡುವ ಶಕ್ತಿಯಿಲ್ಲ. ಚಿಪ್ ಹಾಗಲ್ಲ. ರೀಡರ್ ಪ್ರತಿ ಸಲ ಹೊಸ ಸಂಖ್ಯೆಯೊಂದನ್ನು ಕೊಟ್ಟು ‘ಇದಕ್ಕೆ ನಿನ್ನ ಗುಟ್ಟಿನ ಕೀಲಿಯಿಂದ ಉತ್ತರ ಕೊಡು’ ಎಂದರೆ ಚಿಪ್ ಲೆಕ್ಕ ಮಾಡಿ ಉತ್ತರಿಸುತ್ತದೆ. ಕೀಲಿ ಮಾತ್ರ ಹೊರಗೆ ಬರುವುದೇ ಇಲ್ಲ. ಪಟ್ಟಿಯಲ್ಲಿರುವುದನ್ನೆಲ್ಲ ಓದಬಲ್ಲವನು ಎಲ್ಲವನ್ನೂ ಪ್ರತಿ ಮಾಡಿಟ್ಟುಕೊಳ್ಳಬಲ್ಲ. ಖಾಲಿ ಪಟ್ಟಿ ಸಿಗುವುದಿಲ್ಲ ಎಂಬುದೊಂದೇ ಅವನಿಗೆ ಅಡ್ಡಿ. ಅಂದರೆ ಇಡೀ ಭದ್ರತೆ ಒಂದೇ ಕಂಪನಿಯ ವಸ್ತುವಿನ ಅಪರೂಪತೆಯ ಮೇಲೆ ನಿಂತಿತ್ತು. ಸರಕು, ಯಂತ್ರ, ಬಿಡಿಭಾಗ ಎಲ್ಲಕ್ಕೂ ಸರ್ಕಾರ ಅದೇ ಬಾಗಿಲಿಗೆ ಹೋಗಬೇಕಿತ್ತು.

ಹತ್ತು ವರ್ಷದಲ್ಲಿ ಚಿಪ್ಪುಗಳ ನೆನಪು ಹಿಗ್ಗಿತು, ಬೆಲೆ ಕುಗ್ಗಿತು. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒ ಪಾಸ್‌ಪೋರ್ಟುಗಳಿಗೆ ಸಂಪರ್ಕರಹಿತ ಚಿಪ್ಪನ್ನೇ ಆರಿಸಿತು. ಜಗತ್ತಿನ ವಿಮಾನ ನಿಲ್ದಾಣಗಳೆಲ್ಲ ಅದನ್ನು ಓದುವ ಯಂತ್ರ ಕೊಂಡವು. ಆಪ್ಟಿಕಲ್ ಕಾರ್ಡಿಗೆ ಅಂಥ ಲೋಕವ್ಯಾಪಿ ರೀಡರ್ ಎಂದೂ ಸಿಗಲಿಲ್ಲ.

ಈ ತಂತ್ರ ಚೆನ್ನಾಗಿ ಕೆಲಸ ಮಾಡಿದ ಜಾಗವೂ ಇದೆ. ಅಮೆರಿಕದ ಸೇನೆ ತನ್ನ ಸರಕು ಪೆಟ್ಟಿಗೆಗಳ ಜೊತೆ ಆಪ್ಟಿಕಲ್ ಕಾರ್ಡು ಕಳಿಸುತ್ತಿತ್ತು. ಪೆಟ್ಟಿಗೆಯಲ್ಲಿ ಏನೇನಿದೆ ಎಂಬ ಪೂರ್ತಿ ವಿವರ ಕಾರ್ಡಿನಲ್ಲೇ. ಬರೆಯುವುದು ಉಗ್ರಾಣದಲ್ಲಿ, ಓದುವುದು ಫೋನ್ ತಂತಿಯೂ ಇಲ್ಲದ ದೂರದ ಶಿಬಿರದಲ್ಲಿ. ಎರಡು ತುದಿಯಲ್ಲೂ ಒಂದೇ ಸಂಸ್ಥೆ, ಎರಡು ತುದಿಯಲ್ಲೂ ಯಂತ್ರ, ನಡುವೆ ನೆಟ್‌ವರ್ಕಿಲ್ಲ. ಇದೇ ಆಪ್ಟಿಕಲ್ ಕಾರ್ಡಿನ ಸಹಜ ನೆಲೆ. 1980ರ ದಶಕದ ನಡುವಿನಲ್ಲಿ ಮೇರಿಲ್ಯಾಂಡಿನ ಬ್ಲೂ ಕ್ರಾಸ್ ವಿಮಾ ಸಂಸ್ಥೆ ರೋಗಿಯ ಆರೋಗ್ಯದ ಇತಿಹಾಸವನ್ನೆಲ್ಲ ಕಾರ್ಡಿಗೆ ತುಂಬುವ ‘ಲೈಫ್‌ಕಾರ್ಡ್’ ಯೋಜನೆಗೆ ಇದೇ ತಂತ್ರವನ್ನು ಹಿಡಿದಿತ್ತು. ಅದು ಬೆಳೆಯಲಿಲ್ಲ. ಪ್ರತಿ ಡಾಕ್ಟರ ಮೇಜಿನ ಮೇಲೂ ರೀಡರ್ ಬೇಕಾಗುವ ಕಡೆ ಇದು ನಿಲ್ಲುವುದು ಕಷ್ಟ.

ತೆರೆಮರೆಗೆ ಸರಿದ ಬಗೆ

2004ರ ಜನವರಿಯಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ‘ಯುಎಸ್-ವಿಸಿಟ್’ ಶುರುವಾಯಿತು. ವೀಸಾದಲ್ಲಿ ಬರುವವರ ಬೆರಳಚ್ಚು ಅಲ್ಲೇ ತೆಗೆದು ಕೇಂದ್ರ ಭಂಡಾರದಲ್ಲಿ ಹುಡುಕುವ ವ್ಯವಸ್ಥೆ. 2009ರ ಜನವರಿ 18ರಿಂದ ಗ್ರೀನ್ ಕಾರ್ಡಿನವರೂ ಅದರೊಳಗೆ ಬಂದರು. ಅಲ್ಲಿಗೆ ಪಟ್ಟಿಯ ಮುಖ್ಯ ಕೆಲಸ ಮುಗಿದಂತೆಯೇ. ಬೆರಳನ್ನು ಕಾರ್ಡಿಗೆ ಹೋಲಿಸುವ ಬದಲು ಭಂಡಾರಕ್ಕೆ ಹೋಲಿಸಿದರೆ ಇನ್ನೊಂದು ಅನುಕೂಲ: ಈ ವ್ಯಕ್ತಿ ಬೇರೆ ಹೆಸರಿನಲ್ಲಿ ಹಿಂದೆ ಬಂದಿದ್ದಾನೆಯೇ ಎಂಬುದೂ ತಿಳಿಯುತ್ತದೆ. ಕಾರ್ಡಿಗೆ ಆ ಪ್ರಶ್ನೆಯ ಉತ್ತರ ಗೊತ್ತಿರಲು ಸಾಧ್ಯವೇ ಇಲ್ಲ.

ಭೂಗಡಿಯಲ್ಲಿ ಗೆದ್ದದ್ದು ಆರ್‌ಎಫ್‌ಐಡಿ. 2008ರ ಅಕ್ಟೋಬರ್‌ನಿಂದ ಕೊಟ್ಟ ಹೊಸ ಗಡಿ ಕಾರ್ಡಿನಲ್ಲಿ ಲೇಸರ್ ಪಟ್ಟಿಯ ಬದಲು ಹಲವು ಅಡಿ ದೂರದಿಂದಲೇ ಓದಬಲ್ಲ ರೇಡಿಯೋ ಚಿಪ್ ಬಂತು. ಅದರೊಳಗೆ ಫೋಟೊ ಇಲ್ಲ, ಬೆರಳಚ್ಚಿಲ್ಲ, ಹೆಸರೂ ಇಲ್ಲ. ಒಂದು ನಂಬರ್ ಮಾತ್ರ. ಕಾರು ಗೂಡಿನ ಹತ್ತಿರ ಬರುವಷ್ಟರಲ್ಲಿ ಆ ನಂಬರಿಗೆ ಸೇರಿದ ವಿವರವೆಲ್ಲ ಅಧಿಕಾರಿಯ ಪರದೆಯ ಮೇಲೆ. ಎಲ್ಲವನ್ನೂ ತನ್ನಲ್ಲೇ ಹೊತ್ತ 2.8 ಎಂಬಿಯ ಕಾರ್ಡನ್ನು ಏನನ್ನೂ ಹೊರದ ಒಂದು ನಂಬರ್ ಹೊರತಳ್ಳಿತು.

2010ರ ಮೇ ತಿಂಗಳಲ್ಲಿ ಬಂದ ಗ್ರೀನ್ ಕಾರ್ಡಿನಲ್ಲಿ ಎರಡೂ ಇದ್ದವು, ಪಟ್ಟಿಯೂ ರೇಡಿಯೋ ಚಿಪ್ಪೂ. (ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬೇರೆ ಬೇರೆ ಬಣ್ಣದಲ್ಲಿದ್ದ ಕಾರ್ಡು ಮತ್ತೆ ಹಸಿರಾದದ್ದೂ ಆಗಲೇ.) 2004ರಲ್ಲಿ ಲೇಸರ್‌ಕಾರ್ಡ್ ಕಾರ್ಪೊರೇಷನ್ ಎಂದು ಹೆಸರು ಬದಲಿಸಿಕೊಂಡಿದ್ದ ಡ್ರೆಕ್ಸ್‌ಲರ್ ಕಂಪನಿಯನ್ನು 2011ರಲ್ಲಿ ಗುರುತಿನ ಚೀಟಿ ತಂತ್ರಜ್ಞಾನದ ಕಂಪನಿ ಎಚ್‌ಐಡಿ ಗ್ಲೋಬಲ್ ಕೊಂಡುಕೊಂಡಿತು. 2002ರಲ್ಲಿ ಕಾಯಂ ನಿವಾಸಿಗಳ ಕಾರ್ಡಿಗೆ ಈ ಪಟ್ಟಿ ಹಾಕಿದ್ದ ಕೆನಡಾ ಅದನ್ನು ಬಿಟ್ಟಿತು. 2001ರಲ್ಲಿ ಚಿಪ್ಪನ್ನೂ ಪಟ್ಟಿಯನ್ನೂ ಒಂದೇ ಗುರುತಿನ ಚೀಟಿಯಲ್ಲಿ ಕೂರಿಸಿ ಪ್ರಯೋಗ ಮಾಡಿದ ಇಟಲಿ 2016ರಲ್ಲಿ ಪಟ್ಟಿಯಿಲ್ಲದ ಹೊಸ ಕಾರ್ಡಿಗೆ ಹೋಯಿತು. ಮರುವರ್ಷ ಅಮೆರಿಕ. ಹತ್ತು ವರ್ಷದ ಬಾಳಿಕೆಯಿರುವುದರಿಂದ ಪಟ್ಟಿಯಿರುವ ಕೊನೆಯ ಗ್ರೀನ್ ಕಾರ್ಡುಗಳ ಅವಧಿ ಮುಗಿಯುವುದು 2027ರ ಹೊತ್ತಿಗೆ.

ಕಳೆದುಕೊಂಡದ್ದು

ಇದನ್ನು ಹಳೆಯದು ಹೋಗಿ ಹೊಸದು ಬಂದ ಕಥೆ ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಬೆರಳಚ್ಚು ನನ್ನ ಜೇಬಿನ ಕಾರ್ಡಿನಲ್ಲಿದ್ದು, ಹೋಲಿಕೆ ನನ್ನ ಕಣ್ಣೆದುರಿನ ಯಂತ್ರದಲ್ಲೇ ಮುಗಿದರೆ, ನಾನು ಎಲ್ಲಿ ಯಾವಾಗ ಬೆರಳು ಒತ್ತಿದೆ ಎಂಬ ದಾಖಲೆ ಬೇರೆಲ್ಲೂ ಉಳಿಯಬೇಕಿಲ್ಲ. ಕಾರ್ಡು ಕಳೆದರೆ ಹೋಗುವುದು ಒಬ್ಬನ ಬೆರಳಚ್ಚು. ಭಂಡಾರಕ್ಕೆ ಕನ್ನ ಬಿದ್ದರೆ? 2015ರಲ್ಲಿ ಅಮೆರಿಕ ಸರ್ಕಾರದ ಸಿಬ್ಬಂದಿ ಇಲಾಖೆ ಒಪಿಎಂನ ಕಡತಗಳಿಗೆ ಕನ್ನ ಹಾಕಿದವರು 56 ಲಕ್ಷ ಜನರ ಬೆರಳಚ್ಚು ಒಯ್ದರು. ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನಲ್ಲ. ಲೇಸರ್ ಪಟ್ಟಿಯ ಯಂತ್ರ ನಿಧಾನವಾಗಿತ್ತು ನಿಜ, ಅದರ ಹಿಂದಿದ್ದ ಆಲೋಚನೆ ಮಾತ್ರ ಇಂದಿಗೂ ಸರಿಯಾದದ್ದು.

ನಮ್ಮ ಆಧಾರ್ ಈ ಎರಡೂ ದಾರಿಗಳನ್ನು ಹಿಡಿದಿದೆ. 2010ರಲ್ಲಿ ಮೊದಲ ಸಂಖ್ಯೆ ಕೊಟ್ಟಾಗ ಅದು ಪೂರ್ತಿ ನೆಟ್‌ವರ್ಕಿನ ಕೂಸು: ಕೈಯಲ್ಲಿರುವುದು ಕಾಗದ, ಅದರ ಮೇಲೊಂದು ನಂಬರ್. ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಎಲ್ಲ ದತ್ತಾಂಶ ಕೇಂದ್ರದಲ್ಲಿ. ಅಂಥ ಕೇಂದ್ರಗಳಲ್ಲೊಂದು ನಮ್ಮ ಬೆಂಗಳೂರಿನಲ್ಲೇ ಇದೆ. ಆದರೆ ಈಗಿನ ಆಧಾರ್ ಪತ್ರದಲ್ಲೂ ಪಿವಿಸಿ ಕಾರ್ಡಿನಲ್ಲೂ ಇರುವ ದೊಡ್ಡ ಕ್ಯೂಆರ್ ಕೋಡ್ ಆಪ್ಟಿಕಲ್ ಕಾರ್ಡಿನ ಆಸೆಯನ್ನೇ ಅಗ್ಗದಲ್ಲಿ ಈಡೇರಿಸುತ್ತದೆ. ಅದರಲ್ಲಿ ಹೆಸರು, ವಿಳಾಸದ ಜೊತೆ ಸಣ್ಣ ಫೋಟೊ ಕೂಡ ಇದೆ, ಮೇಲೆ ಆಧಾರ್ ಕೊಡುವ ಪ್ರಾಧಿಕಾರದ ಡಿಜಿಟಲ್ ಸಹಿ. ಒಂದಕ್ಷರ ಬದಲಿಸಿದರೂ ಸಹಿ ಹೊಂದುವುದಿಲ್ಲ. ಓದಲು ಮೌಂಟನ್ ವ್ಯೂನಿಂದ ಯಂತ್ರ ತರಿಸಬೇಕಿಲ್ಲ, ಮೊಬೈಲಿಗೆ ಆ್ಯಪ್ ಹಾಕಿಕೊಂಡರೆ ಸಾಕು. ಇಂಟರ್ನೆಟ್ ಇಲ್ಲದಿದ್ದರೂ ಪರೀಕ್ಷೆ ನಡೆಯುತ್ತದೆ.

ರೀಡರಿನ ಕೊರತೆ ಎಂಬ ನೆಪ ಇಲ್ಲಿ ಉಳಿದಿಲ್ಲ. ಆದರೂ ಲಾಡ್ಜಿನ ಕೌಂಟರಿನಲ್ಲಿ, ಬಾಡಿಗೆ ಕರಾರು ಬರೆಸುವಾಗ ನಡೆಯುವುದು ಏನು? ಆಧಾರ್ ಕೊಡಿ ಎನ್ನುತ್ತಾರೆ, ಜೆರಾಕ್ಸ್ ತೆಗೆಯುತ್ತಾರೆ, ಫೈಲಿಗೆ ಪಿನ್ ಹೊಡೆಯುತ್ತಾರೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದವರನ್ನು ನಾನು ಕಂಡದ್ದು ಅಪರೂಪ. ಫೋಟೊಶಾಪಿನಲ್ಲಿ ಹೆಸರು ಬದಲಿಸಿದ ಪ್ರತಿಯೂ ಆ ಫೈಲಿನಲ್ಲಿ ಅಷ್ಟೇ ನೆಮ್ಮದಿಯಿಂದ ಕೂರುತ್ತದೆ. ಪರಿಶೀಲಿಸದೆ ಆಧಾರ್ ಸ್ವೀಕರಿಸಬೇಡಿ, ಕ್ಯೂಆರ್ ಕೋಡ್ ಬಳಸಿ ಎಂದು ಪ್ರಾಧಿಕಾರವೇ 2022ರ ನವೆಂಬರ್‌ನಲ್ಲಿ ಹೇಳಿದೆ. ಮನೆ ಬಾಡಿಗೆಗೆ ಕೊಡುವವರು, ಕೆಲಸಕ್ಕೆ ಜನ ಸೇರಿಸಿಕೊಳ್ಳುವವರು ಜೆರಾಕ್ಸ್ ಅಂಗಡಿಗೆ ಕಳಿಸುವ ಮೊದಲು ತಮ್ಮ ಫೋನು ತೆಗೆದು ಆ ಚೌಕದ ಮೇಲೆ ಹಿಡಿಯಲಿ. ಪರದೆಗೆ ಬಂದ ಫೋಟೊ ಎದುರಿಗೆ ನಿಂತವರದೇ ಆಗಿದ್ದರೆ ಜೆರಾಕ್ಸ್ ಇಟ್ಟುಕೊಳ್ಳುವ ಅಗತ್ಯವೇ ಬಹಳಷ್ಟು ಕಡೆ ಇಲ್ಲ.